ಸಹಾಯ ಬೇಕು: ಮಧ್ಯಾಹ್ನರೇಖೆಯ ತಿದ್ದುಪಡಿ ಕೋಷ್ಟಕ ಯಾವ ವರ್ಷದ್ದಿರಬೇಕು?

ಬೆಂಗಳೂರಲ್ಲಿ (ರೇಖಾಂಶ 77.59°) ಮಧ್ಯಾಹ್ನರೇಖೆಯ (ಸೂರ್ಯನ ಬಿಂಬ ದಾಟಿದಾಗ ನಿಜವಾದ ನಡುಹಗಲು ತೋರಿಸುವ ಉತ್ತರ-ದಕ್ಷಿಣ ಗೆರೆ) ಪಕ್ಕ ಕಲ್ಲಿನಲ್ಲಿ ಕೆತ್ತಿಸೋಕೆ ಸಮಯ ಸಮೀಕರಣದ, ಅಂದರೆ ಸೂರ್ಯನ ಸಮಯಕ್ಕೂ ಗಡಿಯಾರದ ಸರಾಸರಿ ಸಮಯಕ್ಕೂ ದಿನದಿನಕ್ಕೆ ಬದಲಾಗುವ ಅಂತರದ, ಕೋಷ್ಟಕ ಮಾಡ್ತಿದ್ದೀನಿ. ಭಾರತೀಯ ಸಮಯದ 82.5° ರೇಖಾಂಶಕ್ಕಿಂತ ಪಶ್ಚಿಮದಲ್ಲಿರೋದರಿಂದ ಬರುವ 19 ನಿಮಿಷ 38 ಸೆಕೆಂಡ್ ಸ್ಥಿರ, ಅದರಲ್ಲಿ ಗೊಂದಲ ಇಲ್ಲ. ಸಮಯ ಸಮೀಕರಣದ ಸೂತ್ರದಲ್ಲಿ ಭೂಮಿಯ ಕಕ್ಷೆಯ ಉತ್ಕೇಂದ್ರತೆ (ವೃತ್ತಕ್ಕಿಂತ ಎಷ್ಟು ಉದ್ದ ಅನ್ನೋದು), ಅಕ್ಷದ ಓರೆ ಎರಡರ ಮುಖ್ಯ ಪದಗಳಷ್ಟೇ ಹಾಕಿದಾಗ ಕೆಲವು ದಿನ ಅರ್ಧ ನಿಮಿಷ ತಪ್ಪುತ್ತಿತ್ತು; ಇವೆರಡರ ಗುಣಲಬ್ಧದ ಪದವೊಂದೇ 39 ಸೆಕೆಂಡಿನವರೆಗೆ ಹೋಗುತ್ತೆ. ಅದನ್ನೂ ವರ್ಗದ ಪದಗಳನ್ನೂ ಸೇರಿಸಿದ ಮೇಲೆ ಸರಿಹೋಯಿತು.

ಸಿಕ್ಕಿಕೊಂಡಿರೋದು ಅಧಿಕ ವರ್ಷದಲ್ಲಿ: ಅದರಿಂದ ಅದೇ ತಾರೀಖಿಗೆ ಸೂರ್ಯನ ಸ್ಥಾನ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸರಿಯುತ್ತೆ. ನವೆಂಬರ್ 3ರ ಸುಮಾರಿಗೆ ಸಮೀಕರಣದ ಬೆಲೆ ಗರಿಷ್ಠ, ದಿನಕ್ಕೆ ಹೆಚ್ಚು ಬದಲಾಗಲ್ಲ, ಹಾಗಾಗಿ ವರ್ಷ ಯಾವುದಾದರೂ ನಡೆಯುತ್ತೆ. ಡಿಸೆಂಬರ್ 25ಕ್ಕೆ ಮಾತ್ರ ದಿನಕ್ಕೆ ಸುಮಾರು 30 ಸೆಕೆಂಡ್ ಬದಲಾವಣೆ. 2024ಕ್ಕೂ 2027ಕ್ಕೂ ಅದೇ ತಾರೀಖಿನಲ್ಲಿ 22 ಸೆಕೆಂಡ್ ಅಂತರ ಬರ್ತಿದೆ. ಸರಾಸರಿ ಹಾಕಿದರೂ ±11 ಸೆಕೆಂಡ್ ಉಳಿಯುತ್ತೆ. ಸೂರ್ಯಬಿಂಬದ ಎರಡೂ ಅಂಚು ಗೆರೆ ದಾಟುವ ಹೊತ್ತನ್ನು ಅಳೆದರೆ ಇಷ್ಟು ವ್ಯತ್ಯಾಸ ಕಾಣಿಸುತ್ತೆ, ಬಿಡೋಕೆ ಮನಸ್ಸಿಲ್ಲ.

ನಾಲ್ಕು ವರ್ಷದ ಸರಾಸರಿಯನ್ನೇ ಕೆತ್ತಿಸಲಾ, ಇಲ್ಲ ತಾರೀಖಿನ ಬದಲು ಸೂರ್ಯನ ಮಧ್ಯಮ ರೇಖಾಂಶಕ್ಕೆ (ಸಮವೇಗದಲ್ಲಿ ಸಾಗಿದರೆ ಆಕಾಶದಲ್ಲಿ ಸೂರ್ಯ ಇರಬೇಕಾದ ಕೋನ) ಬೆಲೆ ಕೊಟ್ಟು, ವರ್ಷವಾರು ತಾರೀಖು ತಿದ್ದುಪಡಿ ಬೇರೆ ಸಾಲಲ್ಲಿ ಹಾಕಲಾ? ಇಂಥದ್ದು ಮಾಡಿದವರು ದಯವಿಟ್ಟು ತಿಳಿಸಿ.