ಹದಿನಾಲ್ಕು ಸಾವಿರ ಚಂದಾದಾರರಿದ್ದಾರೆ, ವಿಡಿಯೊ ನೋಡುವವರು ಆರುನೂರು ಮಂದಿ: ಅಡಿಕೆ ತೋಟದ ಚಾನೆಲ್‌ಗೆ ಸಲಹೆ ಕೋರಿ

ಪ್ರಶ್ನೆ: ತೀರ್ಥಹಳ್ಳಿಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. 2021ರಿಂದ ತೋಟದ ಕೆಲಸಗಳ ಬಗ್ಗೆ ಯೂಟ್ಯೂಬಿನಲ್ಲಿ ಕನ್ನಡ ಚಾನೆಲ್ ಒಂದನ್ನು ನಡೆಸುತ್ತಿದ್ದೇನೆ. ಮೊದಲ ಎರಡು ವರ್ಷ ಚಂದಾದಾರರ ಸಂಖ್ಯೆ ಸಾವಿರವನ್ನೂ ಮುಟ್ಟಿರಲಿಲ್ಲ. 2023ರ ಮಳೆಗಾಲಕ್ಕೆ ಮುಂಚೆ, ಕೊಳೆ ರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಬೋರ್ಡೊ ದ್ರಾವಣ ತಯಾರಿಸುವ ಕ್ರಮ ತೋರಿಸಿ ಹಾಕಿದ ವಿಡಿಯೊವನ್ನು ಒಂದೂವರೆ ಲಕ್ಷ ಜನ ನೋಡಿದರು. ಅದೊಂದರಿಂದಲೇ ಸುಮಾರು ಒಂಬತ್ತು ಸಾವಿರ ಮಂದಿ ಚಂದಾದಾರರಾದರು. ಆಮೇಲೆ ಶಾರ್ಟ್ಸ್ ಹಾಕತೊಡಗಿದ್ದರಿಂದ ಇನ್ನೂ ಮೂರು ಸಾವಿರ ಸೇರಿದರು. ನಡುವೆ, ಚಾನೆಲ್ ಬೆಳೆಸಿಕೊಡುತ್ತೇವೆ ಎಂದು ಫೋನ್ ಮಾಡಿದವರೊಬ್ಬರಿಗೆ ಹಣ ಕೊಟ್ಟು ಸಾವಿರ ಚಂದಾದಾರರನ್ನು ಪಡೆದದ್ದೂ ಉಂಟು. ಆ ಖಾತೆಗಳಿಂದ ಈವರೆಗೆ ಒಂದು ಕಮೆಂಟ್ ಸಹ ಬಂದಿಲ್ಲ.

ಈಗ ಬಸಿಗಾಲುವೆ, ಕಾಳುಮೆಣಸಿನ ಬಳ್ಳಿ, ಎಲೆಚುಕ್ಕಿ ರೋಗ ಹೀಗೆ ಯಾವ ವಿಷಯದ ಮೇಲೆ ವಿಡಿಯೊ ಮಾಡಿದರೂ ಆರುನೂರು, ಏಳುನೂರು ವೀಕ್ಷಣೆಗೆ ನಿಂತುಬಿಡುತ್ತದೆ. ಹನ್ನೊಂದು ನಿಮಿಷದ ವಿಡಿಯೊವನ್ನು ಸರಾಸರಿ ಎರಡು ನಿಮಿಷವಷ್ಟೇ ನೋಡುತ್ತಿದ್ದಾರೆ. ಒಂದು ವಿಡಿಯೊಗೆ ನನ್ನ ಎರಡು ದಿನದ ಕೆಲಸ ಹೋಗುತ್ತದೆ. ಚಂದಾದಾರರಿಗೆ ನೋಟಿಫಿಕೇಷನ್ ಹೋಗುತ್ತಿಲ್ಲವೇ? ದಿನಕ್ಕೊಂದು ವಿಡಿಯೊ ಹಾಕಬೇಕೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಮೈಸೂರಿನ ಮೇಷ್ಟ್ರು

ಬೆಳೆಗಾರರೇ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಕನ್ನಡ ವ್ಯಾಕರಣ ಹೇಳಿಕೊಡುವ ಚಾನೆಲನ್ನು ಆರು ವರ್ಷಗಳಿಂದ ನಡೆಸುತ್ತಿರುವುದರಿಂದ ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ನೋಟಿಫಿಕೇಷನ್ ವಿಚಾರ. ಬೆಲ್ ಗುರುತು ಒತ್ತಿ ಎಲ್ಲ ಸೂಚನೆಗಳೂ ಬೇಕು ಎಂದು ಆರಿಸಿಕೊಂಡವರಿಗೆ ಮಾತ್ರ ಪ್ರತಿ ವಿಡಿಯೊದ ಸುದ್ದಿ ತಲುಪುತ್ತದೆ. ಅಂಥವರಿಗೂ ಒಂದು ಚಾನೆಲ್‌ನಿಂದ 24 ಗಂಟೆಗಳಲ್ಲಿ ಮೂರಕ್ಕಿಂತ ಹೆಚ್ಚು ಸೂಚನೆ ಹೋಗುವುದಿಲ್ಲ. ಅದನ್ನೇ ನಂಬಿ ದಿನಕ್ಕೊಂದು ವಿಡಿಯೊ ಮಾಡಿ ದಣಿಯಬೇಡಿ. ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ಕೂತು ನೋಡಿದರು ಎಂಬುದಕ್ಕೆ ಯೂಟ್ಯೂಬ್ 2012ರಿಂದಲೇ ಹೆಚ್ಚು ತೂಕ ಕೊಡುತ್ತಾ ಬಂದಿದೆ. ಚಂದಾದಾರರಾದ ಮಾತ್ರಕ್ಕೆ ನಿಮ್ಮ ವಿಡಿಯೊ ಅವರ ಹೋಮ್ ಪುಟದಲ್ಲಿ ಬಂದು ಕೂರುವುದಿಲ್ಲ. ಹಿಂದಿನ ಎರಡು ಮೂರನ್ನು ಅವರು ಅರ್ಧಕ್ಕೇ ಬಿಟ್ಟಿದ್ದರೆ ಮುಂದಿನದು ಅವರ ಕಣ್ಣಿಗೆ ಬೀಳುವ ಸಂಭವವೇ ಕಡಿಮೆಯಾಗುತ್ತದೆ.

ನಿಮ್ಮ ಪ್ರೊಫೈಲಿನಲ್ಲಿದ್ದ ಕೊಂಡಿಯ ಮೂಲಕ ಹೋಗಿ ಎರಡು ವಿಡಿಯೊಗಳನ್ನು ಪೂರ್ತಿ ನೋಡಿದೆ. ಬೋರ್ಡೊ ವಿಡಿಯೊ ತೆರೆದ ಕೂಡಲೇ ನೀವು ಉಜ್ಜಿ ತೊಳೆದ ಕಬ್ಬಿಣದ ಚಾಕುವೊಂದನ್ನು ಪ್ಲಾಸ್ಟಿಕ್ ಡ್ರಮ್ಮಿನ ನೀಲಿ ದ್ರಾವಣದಲ್ಲಿ ಅದ್ದಿ ಹಿಡಿಯುತ್ತೀರಿ. ಮೇಲೆತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರದ ಪದರ ಕೂತಿರುತ್ತದೆ. “ಇದನ್ನು ಹೀಗೇ ಹೊಡೆದರೆ ಗೊನೆ ಹಾಳಾಗುತ್ತದೆ, ಇನ್ನಷ್ಟು ಸುಣ್ಣದ ತಿಳಿ ಬೇಕು” ಎನ್ನುತ್ತೀರಿ. ಇಷ್ಟಕ್ಕೆ ಹದಿನೈದು ಸೆಕೆಂಡ್ ಆಗಿರುತ್ತದೆ. ತೋಟವಿರುವ ಯಾರೇ ಆದರೂ ಆ ಚಾಕು ಕಲೆಯಿಲ್ಲದೆ ಹೊರಬರುವುದನ್ನು ನೋಡದೆ ಎದ್ದುಹೋಗಲಾರರು, ಮತ್ತು ನೀವು ಅದನ್ನು ತೋರಿಸುವುದು ಏಳನೆಯ ನಿಮಿಷದಲ್ಲಿ. ಈ ಜೋಡಣೆ ನಿಮಗೆ ಸಹಜವಾಗಿಯೇ ಬಂದಿರಬೇಕು. ಆದರೆ ಬಸಿಗಾಲುವೆಯ ವಿಡಿಯೊದಲ್ಲಿ ಮೊದಲು ಚಾನೆಲ್ ಚಿಹ್ನೆಯ ಅನಿಮೇಷನ್, ಬಳಿಕ ನಮಸ್ಕಾರ, ಲೈಕ್ ಮಾಡಿ ಶೇರ್ ಮಾಡಿ ಎಂಬ ಕೋರಿಕೆ, ಆಮೇಲೆ ಹೋದ ವರ್ಷದ ಮಳೆಯ ಮಾತು ಬಂದು, ಗುದ್ದಲಿ ನೆಲಕ್ಕೆ ಬೀಳುವಷ್ಟರಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡ್ ಕಳೆದಿರುತ್ತದೆ.

ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ರಿಟೆನ್ಷನ್ ಗ್ರಾಫ್, ಅಂದರೆ ಯಾವ ಕ್ಷಣದವರೆಗೆ ಎಷ್ಟು ಮಂದಿ ನೋಡುತ್ತಾ ಉಳಿದರು ಎಂದು ತೋರಿಸುವ ಗೆರೆ, ಇದೆ. ಮೂವತ್ತನೆಯ ಸೆಕೆಂಡಿನಲ್ಲಿ ಶೇಕಡಾ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನೂ ಅಲ್ಲಿ ಬೇರೆಯಾಗಿ ತೋರಿಸುತ್ತಾರೆ. ಬೋರ್ಡೊ ವಿಡಿಯೊದ ಗ್ರಾಫನ್ನೂ ಈಚಿನ ಹತ್ತು ವಿಡಿಯೊಗಳ ಗ್ರಾಫನ್ನೂ ಎದುರುಬದುರು ಇಟ್ಟು ನೋಡಿ. ಗೆರೆ ಎಲ್ಲಿ ಧುತ್ತನೆ ಇಳಿದಿದೆಯೋ ಅಲ್ಲಿ ನೀವು ಏನು ಮಾತಾಡುತ್ತಿದ್ದಿರಿ ಎಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಾನು ಪ್ರತಿ ತಿಂಗಳೂ ಈ ಕೆಲಸ ಮಾಡುತ್ತೇನೆ, ಬೇರೆ ಯಾರ ಸಲಹೆಗಿಂತಲೂ ಅದೇ ಹೆಚ್ಚು ಕಲಿಸಿದೆ. ಥಂಬ್‌ನೇಲ್ (ವಿಡಿಯೊದ ಮುಖಚಿತ್ರ) ಕ್ಲಿಕ್ ಪ್ರಮಾಣದ ಬಗ್ಗೆ, ಅಂದರೆ ಅದು ಕಂಡ ಪ್ರತಿ ನೂರು ಸಲದಲ್ಲಿ ಎಷ್ಟು ಸಲ ಒತ್ತಿದರು ಎಂಬುದರ ಬಗ್ಗೆ, ಬಹಳ ಆತಂಕ ಬೇಡ. ಅರ್ಧದಷ್ಟು ಚಾನೆಲ್‌ಗಳಲ್ಲಿ ಅದು ಶೇ 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ಒಂದು ವಿಡಿಯೊಗೆ ಮೂರು ಥಂಬ್‌ನೇಲ್‌ಗಳನ್ನು ಕೊಟ್ಟು ಪರೀಕ್ಷಿಸುವ ಸೌಲಭ್ಯದಲ್ಲಿ ಕೂಡ ಗೆಲುವನ್ನು ನಿರ್ಧರಿಸುವುದು ವೀಕ್ಷಣೆಯ ಸಮಯವೇ ಹೊರತು ಕ್ಲಿಕ್ ಅಲ್ಲ.

ಉತ್ತರ: ಸಾಗರದ ವೀಕ್ಷಕಿ

ಸರ್, ನಾನು ಚಾನೆಲ್ ನಡೆಸುವವಳಲ್ಲ, ನೋಡುವವಳು. ನಿಮ್ಮ ಬೋರ್ಡೊ ವಿಡಿಯೊ ನೋಡಿ ಚಂದಾದಾರಳಾದವಳು, ಆಮೇಲೆ ನೋಡುವುದನ್ನು ಬಿಟ್ಟವಳು. ಏಕೆ ಬಿಟ್ಟೆ ಎಂದು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ನಮ್ಮ ಕಡೆ ಕೊಯ್ಲು ಶುರುವಾದ ಮೇಲೆ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವಾಗ ಹತ್ತು ಹತ್ತೂವರೆ ಗಂಟೆ. ಫೋನನ್ನು ಬುಟ್ಟಿಗೆ ಒರಗಿಸಿ ವಿಡಿಯೊ ಹಚ್ಚಿಟ್ಟಿರುತ್ತೇವೆ. ಕೈಯೆಲ್ಲ ಅಡಿಕೆಯ ಕಲೆ, ಕಣ್ಣು ಕತ್ತಿಯ ಮೇಲೆ. ಅಂದರೆ ನಾವು ನಿಮ್ಮ ವಿಡಿಯೊವನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. “ಇಷ್ಟು ಹಾಕಿ, ನೋಡಿ, ಈ ಬಣ್ಣ ಬರಬೇಕು” ಎಂದು ನೀವು ತೋರಿಸಿ ಮುಂದೆ ಹೋದರೆ ನಮಗೆ ಏನೂ ದಕ್ಕುವುದಿಲ್ಲ. ಬೋರ್ಡೊ ವಿಡಿಯೊದಲ್ಲಿ ಹಾಗಿರಲಿಲ್ಲ. ಒಂದು ಕಿಲೊ ಮೈಲುತುತ್ತ ಐವತ್ತು ಲೀಟರ್ ನೀರಿಗೆ, ಒಂದು ಕಿಲೊ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಲೋಹದ ಪಾತ್ರೆ ಬಳಸಬಾರದು ಎಂದು ಬಾಯಿಬಿಟ್ಟು ಎರಡೆರಡು ಸಲ ಹೇಳಿದ್ದಿರಿ. ಈಗಿನ ವಿಡಿಯೊಗಳಲ್ಲಿ ಹಿನ್ನೆಲೆಯ ಸಂಗೀತವೇ ನಿಮ್ಮ ದನಿಗಿಂತ ಜೋರಾಗಿರುತ್ತದೆ. ದಯವಿಟ್ಟು ಅದನ್ನು ತೆಗೆದುಬಿಡಿ.

ಎರಡನೆಯದಾಗಿ, ವಿಡಿಯೊ ಬರುವ ಹೊತ್ತು. ಮೊದಲನೆಯ ಔಷಧಿಯನ್ನು ಮುಂಗಾರು ಹಿಡಿಯುವ ಮುಂಚೆ ಹೊಡೆಯಬೇಕು, ಎರಡನೆಯದನ್ನು ನಲವತ್ತು, ನಲವತ್ತೈದು ದಿನ ಬಿಟ್ಟು. ಕಳೆದ ವರ್ಷ ಮೊದಲನೆಯ ಸಿಂಪರಣೆಯ ವಿಡಿಯೊ ನೀವು ಹಾಕಿದ್ದು ಜುಲೈ ತಿಂಗಳಲ್ಲಿ. ಅಷ್ಟರಲ್ಲಿ ಮರ ಹತ್ತುವ ನಮ್ಮ ಕೊನೆಗಾರ ಬಂದು ಹೊಡೆದು ತಿಂಗಳು ಕಳೆದಿತ್ತು. ಅದೇ ವಿಡಿಯೊ ಮೇ ಮಧ್ಯದಲ್ಲಿ ಬಂದಿದ್ದರೆ ನಾನಷ್ಟೇ ಅಲ್ಲ, ನಮ್ಮ ಕೇರಿಯವರೆಲ್ಲ ನೋಡುತ್ತಿದ್ದರು.

ಇನ್ನೊಂದು ಮಾತನ್ನು ಬೇಸರದಿಂದಲ್ಲದೆ ವಿಶ್ವಾಸದಿಂದ ಹೇಳುತ್ತಿದ್ದೇನೆ. ಔಷಧಿ ಹೊಡೆದ ಎರಡೇ ಗಂಟೆಯಲ್ಲಿ ಮಳೆ ಬಂದರೆ ಮತ್ತೆ ಹೊಡೆಯಬೇಕೇ ಎಂದು ಕಮೆಂಟಿನಲ್ಲಿ ಕೇಳಿದ್ದೆ. ನನ್ನ ಕೆಳಗೆ ಇನ್ನೂ ಏಳು ಜನ ಅದನ್ನೇ ಕೇಳಿದ್ದರು. ಯಾರಿಗೂ ಉತ್ತರ ಬರಲಿಲ್ಲ. ಆ ಒಂದು ಪ್ರಶ್ನೆಯೇ ನಿಮ್ಮ ಮುಂದಿನ ವಿಡಿಯೊ ಆಗಬಹುದಿತ್ತು, ಆ ಎಂಟು ಜನರಂತೂ ಖಂಡಿತ ನೋಡುತ್ತಿದ್ದರು.

ಉತ್ತರ: ಪುತ್ತೂರಿನವರು

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನಮ್ಮಲ್ಲಿ ಚಾಲಿ ಮಾಡುತ್ತೇವೆ, ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿಯುತ್ತೇವೆ. ನಿಮ್ಮಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತೀರಿ. “ಅಡಿಕೆ ಸಂಸ್ಕರಣೆಯ ಸಂಪೂರ್ಣ ಮಾಹಿತಿ” ಎಂಬ ಶೀರ್ಷಿಕೆ ನೋಡಿ ತೆರೆದವನಿಗೆ ಮೂರನೆಯ ನಿಮಿಷದಲ್ಲಿ ಬೇಯಿಸುವ ಹಂಡೆಯೂ ಅಡಿಕೆ ಬೆಂದ ಕೆಂಪು ರಸವಾದ ಚೊಗರೂ ಕಂಡರೆ, ಇದು ನನಗಲ್ಲ ಎಂದು ಮುಚ್ಚುವುದು ಸಹಜ. ಯಾರಿಗಾಗಿ ಎಂಬುದನ್ನು ಶೀರ್ಷಿಕೆಯಲ್ಲೇ ಹೇಳಿ. ಕೊಳೆ ರೋಗ, ಎಲೆಚುಕ್ಕಿ, ಗೊಬ್ಬರ ಇಬ್ಬರಿಗೂ ಬೇಕಾದವು. ಅವನ್ನು ಬೇರೆ ಪ್ಲೇಲಿಸ್ಟಿನಲ್ಲಿ ಇಡಿ.

ಉತ್ತರ: ಮೈಸೂರಿನ ಮೇಷ್ಟ್ರು

ಸಾಗರದ ಮೇಡಂ ಹೇಳಿದ್ದು ನನ್ನ ಮಾತಿಗಿಂತ ಬೆಲೆಯುಳ್ಳದ್ದು. ಶಾರ್ಟ್ಸ್ ಬಗ್ಗೆ ಹೇಳುವುದನ್ನು ಮರೆತಿದ್ದೆ. ಶಾರ್ಟ್ಸ್ ನೋಡಿ ಸೇರಿದವರು ಬಹುಮಟ್ಟಿಗೆ ಶಾರ್ಟ್ಸನ್ನಷ್ಟೇ ನೋಡುತ್ತಾರೆ ಎಂಬುದು ನನ್ನ ಚಾನೆಲಿನ ಅನುಭವ. ಹಾಗೆಂದು ನಿಲ್ಲಿಸಬೇಕಾಗಿಲ್ಲ. ಶಾರ್ಟ್ಸ್ ಹಾಕುವಾಗ ಸಂಬಂಧಿತ ವಿಡಿಯೊ ಎಂದು ನಿಮ್ಮದೇ ದೊಡ್ಡ ವಿಡಿಯೊ ಒಂದನ್ನು ಜೋಡಿಸಬಹುದು. ವಿವರಣೆಯಲ್ಲೂ ಕಮೆಂಟಿನಲ್ಲೂ ಹಾಕಿದ ಕೊಂಡಿಗಳು 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್‌ನಲ್ಲಿ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಆ ಜೋಡಣೆಯೇ ದಾರಿ. ಚಾಕುವಿನ ದೃಶ್ಯವನ್ನು ಕೆಂಪು ಬಣ್ಣ ಕಾಣುವಲ್ಲಿಗೆ ನಿಲ್ಲಿಸಿ ಶಾರ್ಟ್ಸ್ ಮಾಡಿ, ಉಳಿದದ್ದಕ್ಕೆ ದೊಡ್ಡ ವಿಡಿಯೊ ಜೋಡಿಸಿ.

ಮುಂದಿನ ವಿಡಿಯೊದ ಕೊಂಡಿ ತೋರಿಸುವ ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡ್ ಮಾತ್ರ ಇರುತ್ತದೆ. ಆ ಹೊತ್ತಿನಲ್ಲಿ ಧನ್ಯವಾದ ಹೇಳುತ್ತಾ ಕೂರುವ ಬದಲು, ಈ ವಿಡಿಯೊ ನೋಡಿದವರಿಗೆ ಮುಂದೆ ಏಳುವ ಪ್ರಶ್ನೆಯನ್ನು ನೀವೇ ಎತ್ತಿ, ಅದಕ್ಕೆ ಉತ್ತರವಿರುವ ವಿಡಿಯೊವನ್ನು ತೋರಿಸಿ. ಹಣ ಕೊಟ್ಟು ಚಂದಾದಾರರನ್ನು ಪಡೆಯುವುದೂ, ನನಗೆ ನೀವು ನಿಮಗೆ ನಾನು ಎಂಬ ವಿನಿಮಯವೂ ಯೂಟ್ಯೂಬಿನ ನಿಯಮಕ್ಕೆ ವಿರುದ್ಧ. ಇನ್ನು ಮುಂದೆ ಅಂಥ ಕರೆಗಳನ್ನು ಸ್ವೀಕರಿಸಬೇಡಿ. ಸ್ಟುಡಿಯೊದಲ್ಲಿ ಚಂದಾದಾರರ ಸಂಖ್ಯೆಯನ್ನು ನೋಡುವುದನ್ನು ಮೂರು ತಿಂಗಳು ಬಿಟ್ಟು, ಮರಳಿ ಬರುವ ವೀಕ್ಷಕರು ಎಷ್ಟು ಎಂಬುದನ್ನಷ್ಟೇ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು: ತೀರ್ಥಹಳ್ಳಿಯ ಬೆಳೆಗಾರ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಗ್ರಾಫ್‌ಗಳನ್ನು ತೆರೆದು ನೋಡಿದೆ. ಬೋರ್ಡೊ ವಿಡಿಯೊದಲ್ಲಿ ಮೂವತ್ತನೆಯ ಸೆಕೆಂಡಿಗೆ ನೂರರಲ್ಲಿ ಎಂಬತ್ತೊಂದು ಜನ ಉಳಿದಿದ್ದರು, ಬಸಿಗಾಲುವೆಯದರಲ್ಲಿ ನಲವತ್ನಾಲ್ಕು. ಚಿಹ್ನೆಯ ಅನಿಮೇಷನನ್ನು ತೆಗೆದಿದ್ದೇನೆ. ಸಾಗರದ ಮೇಡಂ ಅವರೇ, ನಿಮ್ಮ ಪ್ರಶ್ನೆಯನ್ನು ಹುಡುಕಿ ತೆಗೆದೆ. ಇಷ್ಟು ತಿಂಗಳು ಉತ್ತರಿಸದೆ ಇದ್ದದ್ದಕ್ಕೆ ಕ್ಷಮೆ ಕೋರುತ್ತೇನೆ. ದ್ರಾವಣ ಗೊನೆಯ ಮೇಲೆ ಒಣಗುವ ಮುನ್ನವೇ ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ನಮ್ಮಲ್ಲಿ ಮಳೆ ಬಿಟ್ಟ ಕೂಡಲೇ ಗೊನೆಯ ಮೇಲೆ ನೀಲಿ ಉಳಿದಿದೆಯೇ ಎಂದು ನೋಡಿ, ಉಳಿಯದ ಮರಗಳಿಗೆ ಮತ್ತೆ ಹೊಡೆಸುತ್ತೇವೆ. ಮೇ ತಿಂಗಳ ಮೊದಲ ವಿಡಿಯೊ ಇದೇ ವಿಷಯದ ಮೇಲೆ ಬರುತ್ತದೆ. ಮಳೆಯಲ್ಲಿ ತೊಳೆದುಹೋದ ಒಂದು ಗೊನೆಯನ್ನೂ ನೀಲಿ ಉಳಿದ ಇನ್ನೊಂದನ್ನೂ ಪಕ್ಕಪಕ್ಕ ಹಿಡಿದು ಶುರುಮಾಡುತ್ತೇನೆ, ಕೇಳುವವರಿಗಾಗಿ ಎರಡರ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳುತ್ತೇನೆ. ಪುತ್ತೂರಿನವರೇ, ನಿಮ್ಮ ಕಡೆ ಮೊದಲ ಸಿಂಪರಣೆ ಸಾಮಾನ್ಯವಾಗಿ ಯಾವ ವಾರದಲ್ಲಿ ಆಗುತ್ತದೆ ಎಂದು ತಿಳಿಸಿದರೆ, ಅದಕ್ಕೆ ಎರಡು ವಾರ ಮೊದಲೇ ವಿಡಿಯೊ ಹಾಕುತ್ತೇನೆ.