ಶಾರ್ಜಾದಲ್ಲಿ ಯಜಮಾನರ ಸಂಬಳ ತಡೆದಿದ್ದಾರೆ, ಕಂಪನಿಗೆ ಆ ಹಕ್ಕಿದೆಯೇ?

ಪ್ರಶ್ನೆ (ಕಾಪುವಿನ ಸದಸ್ಯೆ): ವಕೀಲರಿಗೆ ನಮಸ್ಕಾರ. ನನ್ನ ಯಜಮಾನರು ಮೂರು ವರ್ಷದಿಂದ ಶಾರ್ಜಾದ ಒಂದು ಕಂಪನಿಯಲ್ಲಿ ಡೆಲಿವರಿ ವ್ಯಾನ್ ಓಡಿಸುತ್ತಿದ್ದಾರೆ. ಒಟ್ಟು ಸಂಬಳ 2,400 ದಿರ್ಹಮ್, ಅದರಲ್ಲಿ ಮೂಲ ವೇತನ 1,400. ಹಿಂದಕ್ಕೆ ತೆಗೆಯುವಾಗ ಗೋದಾಮಿನ ಗೇಟಿಗೆ ತಾಗಿ ವ್ಯಾನಿನ ಬಾಗಿಲು ಜಜ್ಜಿಹೋಯಿತು. ಅದಾದ ಮೇಲೆ ಎರಡು ತಿಂಗಳಿಂದ ಒಂದು ಪೈಸೆಯೂ ಬಂದಿಲ್ಲ. ಕೆಲಸ ಬಿಡುತ್ತೇನೆ ಎಂದದ್ದಕ್ಕೆ ವೀಸಾದ ಖರ್ಚನ್ನೂ ಮುರಿದುಕೊಳ್ಳುತ್ತೇವೆ ಎಂದರಂತೆ. ಪಾಸ್‌ಪೋರ್ಟ್ ಕಂಪನಿಯಲ್ಲೇ ಇದೆ. ಮೊನ್ನೆ ಅರಬ್ಬಿಯಲ್ಲಿರುವ ಒಂದು ಕಾಗದ ಕೊಟ್ಟು ಸಹಿ ಕೇಳಿದ್ದಾರೆ, ಇವರು ಹಾಕಿಲ್ಲ. ಇಲ್ಲಿ ಸೊಸೈಟಿಯ ಸಾಲದ ಕಂತು, ಮಗಳ ಶಾಲೆಯ ಫೀಸು ಎರಡೂ ನಿಂತಿವೆ.

ಉತ್ತರ (ಮಂಗಳೂರಿನ ವಕೀಲರು): ಸಹಿ ಹಾಕದೆ ಇದ್ದದ್ದು ಬಹಳ ಒಳ್ಳೆಯದಾಯಿತು, ಅಕ್ಕ. ಇನ್ನು ಮುಂದೆಯೂ ಓದಿ ತಿಳಿಯದ ಯಾವ ಕಾಗದಕ್ಕೂ ಸಹಿ ಬೇಡ.

ಯುಎಇಯಲ್ಲಿ ಈಗ ನಡೆಯುವುದು 2021ರ 33ನೇ ಕಾರ್ಮಿಕ ಕಾನೂನು, 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಸಂಬಳದಿಂದ ಯಾವ ಯಾವ ಕಾರಣಕ್ಕೆ ಹಣ ಮುರಿಯಬಹುದು ಎಂಬುದನ್ನು ಅದರ 25ನೇ ವಿಧಿ ಎಣಿಸಿ ಹೇಳುತ್ತದೆ. ಆ ಪಟ್ಟಿಯಲ್ಲಿಲ್ಲದ ಕಾರಣಕ್ಕೆ ಮುರಿಯುವಂತಿಲ್ಲ. ಕಂಪನಿ ಕೊಟ್ಟ ಸಾಲವನ್ನು ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ಬಡ್ಡಿಯಿಲ್ಲದೆ ಮುರಿಯಬಹುದು. ಲೆಕ್ಕ ತಪ್ಪಿ ಹೆಚ್ಚು ಕೊಟ್ಟಿದ್ದರೆ ಸಂಬಳದ ಶೇ 20ರ ಒಳಗೆ, ಶಿಸ್ತಿನ ದಂಡವಾದರೆ ಶೇ 5ರ ಒಳಗೆ. ಕಾರ್ಮಿಕನ ತಪ್ಪಿನಿಂದ ಕಂಪನಿಯ ವಸ್ತು ಹಾಳಾಗಿದ್ದರೆ ರಿಪೇರಿಗೆ ಬೇಕಾದಷ್ಟು ಹಣ ವಸೂಲು ಮಾಡಲು ಅವಕಾಶವಿದೆ. ಆದ್ದರಿಂದ ವ್ಯಾನಿನ ಬಾಗಿಲಿನ ಹಣವನ್ನು ಅವರು ಕೇಳುವುದೇ ತಪ್ಪು ಎಂದು ನಾನು ಹೇಳಲಾರೆ. ರಿಪೇರಿಯ ಬಿಲ್ಲು ಕೇಳಿ. ವಿಮೆಯವರು ಎಷ್ಟು ಕೊಟ್ಟರು ಎಂದೂ ಕೇಳಿ.

ಆದರೆ ಎರಡು, ಮೂರು ಕಾರಣ ಒಟ್ಟಿಗೆ ಸೇರಿದರೂ ಕಡಿತ ಸಂಬಳದ ಅರ್ಧವನ್ನು ದಾಟಬಾರದು. ನಿಮ್ಮ ಯಜಮಾನರಿಗೆ ತಿಂಗಳಿಗೆ 1,200 ದಿರ್ಹಮ್ ಕೈಗೆ ಬರಲೇಬೇಕಿತ್ತು. ಸಂಬಳ ಪೂರ್ತಿ ನಿಲ್ಲಿಸಿದ್ದು ಯಾವ ಲೆಕ್ಕದಲ್ಲೂ ಕಾನೂನಿನೊಳಗೆ ಬರುವುದಿಲ್ಲ. ತನಿಖೆಗಾಗಿ ಅಮಾನತು ಮಾಡಿದ್ದರೂ 30 ದಿನ ಮೀರುವಂತಿಲ್ಲ, ಆಗಲೂ ಅರ್ಧ ಸಂಬಳ ಕೊಡಬೇಕು.

ವೀಸಾದ ಖರ್ಚಿನ ಮಾತನ್ನು ಕೇಳಿ ನನಗೆ ಸಿಟ್ಟೇ ಬಂತು. ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ನೇರವಾಗಿಯಾಗಲಿ ಸುತ್ತು ಬಳಸಿಯಾಗಲಿ ವಸೂಲು ಮಾಡಬಾರದು ಎಂದು ಅದೇ ಕಾನೂನಿನ 6ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೂ ನಿಷೇಧವಿದೆ. ಬಡವರ ಮಕ್ಕಳು ಹೆದರುತ್ತಾರೆ ಎಂಬ ಧೈರ್ಯದಲ್ಲೇ ಇದೆಲ್ಲ ನಡೆಯುತ್ತಿದೆ.

ಪ್ರಶ್ನೆ (ಅದೇ ಸದಸ್ಯೆ): ನಾಳೆಯಿಂದ ಕೆಲಸಕ್ಕೇ ಹೋಗುವುದಿಲ್ಲ ಎನ್ನುತ್ತಿದ್ದಾರೆ ಸರ್. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ತಡೆಯಿರಿ. ಹೇಳದೆ ಕೇಳದೆ ಗೈರಾದ ದಿನಗಳ ಸಂಬಳ ಕೊಡದಿರಲು ಕಂಪನಿಗೆ ಹಕ್ಕಿದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಕೆಲಸ ಬಿಟ್ಟು ಓಡಿಹೋಗಿದ್ದಾನೆ ಎಂದು ದೂರು ಕೊಟ್ಟುಬಿಡುತ್ತಾರೆ. ಆಮೇಲೆ ನ್ಯಾಯ ಕೇಳಲು ಹೋದವನೇ ಆರೋಪಿಯಾಗುತ್ತಾನೆ. ನೋಟಿಸ್ ಕೊಡದೆ ಬಿಟ್ಟರೆ ನೋಟಿಸ್ ಅವಧಿಯ ಸಂಬಳವನ್ನೂ ತೆರಬೇಕಾಗುತ್ತದೆ; ಆ ಅವಧಿ 30ರಿಂದ 90 ದಿನ, ಒಪ್ಪಂದದಲ್ಲಿ ನೋಡಿಕೊಳ್ಳಿ.

ಸರಿಯಾದ ದಾರಿಯೆಂದರೆ ಕಾರ್ಮಿಕ ಸಚಿವಾಲಯಕ್ಕೆ ದೂರು. ಅವರ ಮೊಬೈಲ್ ಆ್ಯಪ್‌ನಲ್ಲೇ ಕೊಡಬಹುದು. ಸಂಬಳ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟ್, ಒಪ್ಪಂದದ ಪ್ರತಿ, ಮೇಲ್ವಿಚಾರಕರ ವಾಟ್ಸ್‌ಆ್ಯಪ್ ಸಂದೇಶಗಳು, ಇಷ್ಟನ್ನು ತೆಗೆದಿಟ್ಟುಕೊಳ್ಳಲಿ. ಎರಡು ತಿಂಗಳ ಜಮೆ ಇಲ್ಲದ ಆ ಸ್ಟೇಟ್‌ಮೆಂಟೇ ದೊಡ್ಡ ಸಾಕ್ಷಿ. 50,000 ದಿರ್ಹಮ್ ಒಳಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಕಂಪನಿ ಕರಾರು ಮುರಿದಿದೆ ಎಂದು ಸಚಿವಾಲಯಕ್ಕೆ ತಿಳಿಸಿ, 14 ಕೆಲಸದ ದಿನ ಕಳೆದರೂ ಸರಿಪಡಿಸದಿದ್ದರೆ, ಆಗ ನೋಟಿಸ್ ಇಲ್ಲದೆಯೇ ಕೆಲಸ ಬಿಡಬಹುದು.

ಬಿಟ್ಟ ಮೇಲೆ ಬರಬೇಕಾದ ಗ್ರಾಚ್ಯುಟಿಯ ಲೆಕ್ಕವೂ ಗೊತ್ತಿರಲಿ. ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನ. ಮೂರು ವರ್ಷಕ್ಕೆ 63 ದಿನ. 1,400ರ ಲೆಕ್ಕದಲ್ಲಿ 2,940 ದಿರ್ಹಮ್. ಕೆಲಸ ಮುಗಿದ 14 ದಿನದೊಳಗೆ ಬಾಕಿ ಸಂಬಳದೊಂದಿಗೆ ಇದೂ ಕೈಸೇರಬೇಕು. ವೀಸಾ ರದ್ದತಿಯ ಕಾಗದದಲ್ಲಿ ‘ನನ್ನ ಬಾಕಿಯೆಲ್ಲ ಪಡೆದಿದ್ದೇನೆ’ ಎಂಬ ಸಾಲು ಇರುತ್ತದೆ. ಊರಿಗೆ ಹೊರಡುವ ಅವಸರದಲ್ಲಿ ನಮ್ಮವರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ.

ಪ್ರಶ್ನೆ (ಕುಂದಾಪುರದ ಸದಸ್ಯರು): ತಮ್ಮ ಸೌದಿಯ ಜುಬೈಲ್‌ನಲ್ಲಿದ್ದಾನೆ. ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ) ನವೀಕರಣದ ಶುಲ್ಕವನ್ನು ಅವನ ಸಂಬಳದಿಂದಲೇ ಮುರಿಯುತ್ತಿದ್ದಾರೆ.

ಉತ್ತರ: ಮುರಿಯುವಂತಿಲ್ಲ. ಇಕಾಮಾ, ಕೆಲಸದ ಪರವಾನಗಿ, ಅವುಗಳ ನವೀಕರಣ ಎಲ್ಲ ಉದ್ಯೋಗದಾತರ ಖರ್ಚು ಎಂದು ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿ ಹೇಳುತ್ತದೆ. ಕಂಪನಿಯಿಂದ ಪಡೆದ ಸಾಲವಾದರೆ ತಿಂಗಳಿಗೆ ಶೇ 10ರವರೆಗೆ ಮುರಿಯಬಹುದು.

ಪ್ರಶ್ನೆ (ಬಂಟ್ವಾಳದ ಸದಸ್ಯರು): ನಾನು ಕಳೆದ ವರ್ಷ ದುಬೈ ಬಿಟ್ಟು ಬಂದೆ. ಮೂರು ತಿಂಗಳ ಸಂಬಳ ಅಲ್ಲೇ ಉಳಿಯಿತು. ಇನ್ನು ಆಸೆ ಬಿಡಬೇಕೇ?

ಉತ್ತರ: ಬಿಡಬೇಡಿ. ಮೊದಲು ಒಂದು ವರ್ಷದ ಗಡುವಿತ್ತು. 2024ರ ತಿದ್ದುಪಡಿಯ ನಂತರ ಕೆಲಸ ಮುಗಿದ ದಿನದಿಂದ ಎರಡು ವರ್ಷ. ಅಲ್ಲಿರುವ ನಂಬಿಕಸ್ಥರೊಬ್ಬರಿಗೆ ಅಧಿಕಾರ ಪತ್ರ ಕೊಡಿ. ಇಲ್ಲಿ ನೋಟರಿ ಮಾಡಿಸಿದ ಮೇಲೆ ನಮ್ಮ ವಿದೇಶಾಂಗ ಸಚಿವಾಲಯ ಮತ್ತು ಯುಎಇ ರಾಯಭಾರ ಕಚೇರಿಯ ದೃಢೀಕರಣ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಈ ವಾರವೇ ಶುರುಮಾಡಿ. ಜೊತೆಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.

ಕಾಪುವಿನ ಸದಸ್ಯೆ: ತುಂಬಾ ಉಪಕಾರವಾಯಿತು ಸರ್. ಆ ಕಾಗದದ ಫೋಟೋ ಇಲ್ಲಿ ಹಾಕಲೇ?

ಉತ್ತರ: ಗುಂಪಿನಲ್ಲಿ ಬೇಡ, ನನಗೆ ಪ್ರತ್ಯೇಕವಾಗಿ ಕಳುಹಿಸಿ. ಎರಡೂ ಬದಿಯ ಫೋಟೋ ಇರಲಿ.