ಯಾರ ಕ್ಯಾನಿನ ಹಾಲು?

ರಾಲೀ ಅಕ್ಕ: ಅಮೆರಿಕದ ಕಾಲೇಜು ಆಟಗಳ ಟಿವಿ ದುಡ್ಡಿನ ಸುದ್ದಿಯೊಂದನ್ನು ಗ್ರೂಪಿಗೆ ಹಾಕಿದ್ದೇನೆ, ಓದಿ. ಮಗ ಓದುತ್ತಿರುವ ನಾರ್ತ್ ಕ್ಯಾರೊಲಿನಾ ಸ್ಟೇಟ್ ಕಾಲೇಜು ಇರುವುದು ಎಸಿಸಿ ಅನ್ನುವ ಕಾನ್ಫರೆನ್ಸ್‌ನಲ್ಲಿ. ಅಲ್ಲಿ ಟಿವಿ ದುಡ್ಡಿನಲ್ಲಿ ಈಗ ಶೇ 40 ಮಾತ್ರ ಸಮಪಾಲು. ಉಳಿದ 60 ಯಾರ ಆಟವನ್ನು ಎಷ್ಟು ಜನ ನೋಡಿದರು ಅನ್ನುವುದರ ಮೇಲೆ. ಇದು ನ್ಯಾಯಾನಾ?

ಮಾವ: ಕಾನ್ಫರೆನ್ಸ್ ಅಂದರೆ ಮೀಟಿಂಗ್ ಅಲ್ವೇನಮ್ಮಾ?

ಬರ್ಕ್ಲಿ ಅಣ್ಣ: ಅಲ್ಲ ಮಾವ, ಕಾಲೇಜು ತಂಡಗಳ ಒಕ್ಕೂಟ. ನಿಮ್ಮ ಡೈರಿ ಸಂಘ ಇದ್ದ ಹಾಗೆ. ಎಲ್ಲರ ಪರವಾಗಿ ಟಿವಿಯವರ ಹತ್ತಿರ ವ್ಯಾಪಾರ ಕುದುರಿಸಿ, ಬಂದಿದ್ದನ್ನು ಹಂಚುತ್ತದೆ.

ಮಾವ: ಹಾಗಾದರೆ ಸರಿಯಾಗಿಯೇ ಇದೆ. ಹತ್ತು ಲೀಟರ್ ಹಾಕುವವನಿಗೂ ಎರಡು ಲೀಟರ್ ಹಾಕುವವನಿಗೂ ಒಂದೇ ಬಟವಾಡೆ ಅಂದರೆ ನಾನು ನಾಳೆಯಿಂದ ಡೈರಿ ಕಡೆ ತಲೆ ಹಾಕಲ್ಲ.

ಬರ್ಕ್ಲಿ ಅಣ್ಣ: ಆಗಿದ್ದೂ ಅದೇ. 2023ರ ಡಿಸೆಂಬರ್‌ನಲ್ಲಿ ಎಸಿಸಿಯ ಫ್ಲಾರಿಡಾ ಸ್ಟೇಟ್ ಕಾಲೇಜು ಪಾಲು ಸಾಲದು ಅಂತ ಕೋರ್ಟಿಗೆ ಹೋಯಿತು. ಮೂರು ತಿಂಗಳಿಗೆ ಕ್ಲೆಮ್ಸನ್ ಕೂಡ. ಎಸ್‌ಇಸಿ, ಬಿಗ್ ಟೆನ್ ಅನ್ನುವ ಬೇರೆ ಎರಡು ಕಾನ್ಫರೆನ್ಸಿನವರಿಗೆ ಇವರಿಗಿಂತ ತುಂಬಾ ಜಾಸ್ತಿ ಬರುತ್ತದೆ. ಆದರೆ ಟಿವಿ ಹಕ್ಕನ್ನು 2036ರವರೆಗೆ ಎಸಿಸಿಗೆ ಬರೆದುಕೊಟ್ಟಾಗಿದೆ, ಸುಮ್ನೆ ಎದ್ದು ಹೋಗುವ ಹಾಗಿಲ್ಲ. 2025ರ ಮಾರ್ಚ್‌ನಲ್ಲಿ ರಾಜಿ ಆಗಿ ಈ ಲೆಕ್ಕ ಬಂತು.

ರಾಲೀ ಅಕ್ಕ: ಅದೇ ಬಿಗ್ ಟೆನ್‌ನಲ್ಲಿ ಹಳೇ ಸದಸ್ಯರಿಗೆ ಸಮಪಾಲು ಅಣ್ಣ. ದೊಡ್ಡ ತಂಡ ಒಹಾಯೊ ಸ್ಟೇಟ್‌ಗೆ ಎಷ್ಟೋ ಅಷ್ಟು ದೊಡ್ಡದಲ್ಲದ ಪರ್ಡ್ಯೂಗೂ ಅಷ್ಟೇ.

ಬರ್ಕ್ಲಿ ಅಣ್ಣ: ಪಾತ್ರೆ ತುಂಬಿದ್ದಾಗ ಬಡಿಸುವುದು ಸುಲಭ ಕಣಮ್ಮ.

ರಾಲೀ ಅಕ್ಕ: ಮಾವ, ನಿಮ್ಮ ಹಸು ಒಂದೇ ನಿಂತು ಹಾಲು ಕೊಡುತ್ತದೆ. ಕ್ಲೆಮ್ಸನ್ ಒಬ್ಬರೇ ನಿಂತು ಆಡುತ್ತಾರಾ? ನಮ್ಮ ಹುಡುಗರ ಜೊತೆ ಆಡಿದ್ದನ್ನು ನೋಡಿದ ಜನ ಯಾರ ಕ್ಯಾನಿನ ಹಾಲು? ಯಾವ ಮ್ಯಾಚ್ ಯಾವ ಚಾನೆಲ್‌ನಲ್ಲಿ, ಎಷ್ಟು ಹೊತ್ತಿಗೆ ಅಂತ ಆರಿಸುವವರೂ ಟಿವಿಯವರೇ. ಒಳ್ಳೇ ಹೊತ್ತು ಸಿಕ್ಕವರಿಗೆ ಜನ, ಜನ ಸಿಕ್ಕವರಿಗೆ ದುಡ್ಡು.

ಮಾವ: ಓಹೋ. ಫ್ಯಾಟ್ ನೋಡುವ ಮಷಿನ್ ಕೊಳ್ಳುವವನ ಮನೇಲೇ ಇದೆ ಅನ್ನು.

ನಾನು: ಅಣ್ಣ, ನಿಮ್ಮ ಬರ್ಕ್ಲಿಗೆ ಎಷ್ಟು ಪಾಲು?

ಬರ್ಕ್ಲಿ ಅಣ್ಣ: ಅದನ್ನು ಮಾತ್ರ ಕೇಳಬೇಡ. ನಾವಿದ್ದ ಪ್ಯಾಕ್-12 ಕಾನ್ಫರೆನ್ಸ್ ಒಡೆದ ಮೇಲೆ ನಾವೂ ಸ್ಟ್ಯಾನ್‌ಫರ್ಡೂ 2024ರಲ್ಲಿ ಎಸಿಸಿ ಸೇರಿದೆವು. ಮೊದಲ ಏಳು ವರ್ಷ ಪೂರ್ತಿ ಪಾಲಿನ ಶೇ 30 ಮಾತ್ರ. ಡಲ್ಲಾಸ್‌ನ ಎಸ್‌ಎಂಯು ಕಾಲೇಜು ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ ಅಂತ ಒಪ್ಪಿ ಬಂತು.

ಮಾವ: ಬಿಟ್ಟಿ ಹಾಲು ಹಾಕುವವರೂ ಇದ್ದಾರಾ!

ಬರ್ಕ್ಲಿ ಅಣ್ಣ: ಅವರಿಗೆ ಕೈ ಬಿಚ್ಚಿ ಕೊಡುವ ಹಳೇ ವಿದ್ಯಾರ್ಥಿಗಳಿದ್ದಾರೆ, ನಡೆಯುತ್ತದೆ. ಹೊರಗೆ ಉಳಿದರೆ ಕಷ್ಟ ಮಾವ. ಪ್ಯಾಕ್-12ರಲ್ಲಿ ಹತ್ತು ಕಾಲೇಜು ಹೋಗಿ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಅದಕ್ಕೇ ಹೇಳಿದ್ದು, ದೊಡ್ಡವರಿಗೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಮನೆ ಉಳಿಸಿಕೊಳ್ಳಬೇಕು.

ರಾಲೀ ಅಕ್ಕ: ಉಳಿಯುತ್ತಾ? ಅದೇ ರಾಜಿಯಲ್ಲಿ ಎಸಿಸಿ ಬಿಟ್ಟು ಹೋಗುವವರು ಕಟ್ಟುವ ದಂಡವನ್ನೂ ವರ್ಷ ವರ್ಷ ಇಳಿಸಿದ್ದಾರೆ. 2025-26ಕ್ಕೆ 16.5 ಕೋಟಿ ಡಾಲರ್, 2030-31ಕ್ಕೆ 7.5 ಕೋಟಿ. ಆಗಲೂ ಕ್ಲೆಮ್ಸನ್ ಇಲ್ಲೇ ಇದ್ದರೆ ನಿನ್ನ ಮಾತು ಒಪ್ಪುತ್ತೇನೆ.

ಮಾವ: ಅದಿರಲಿ, ಆಡುವ ಹುಡುಗರಿಗೆ ಏನು ಸಿಗುತ್ತದೆ?

ಬರ್ಕ್ಲಿ ಅಣ್ಣ: 2025ರ ಜುಲೈನಿಂದ ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿಗೆ ಒಟ್ಟು 2.05 ಕೋಟಿ ಡಾಲರ್ ಮಿತಿ.

ಮಾವ: 2025ರಿಂದಾ? ಅಲ್ಲಿಯ ತನಕ ಹಿಂಡಿ ಬೂಸಾ ಇಲ್ಲದೇ ಕರೆದರಾ?

ಬರ್ಕ್ಲಿ ಅಣ್ಣ: ಸ್ಕಾಲರ್‌ಶಿಪ್ ಇತ್ತು ಮಾವ.

ಮಾವ: ಅದು ಹುಲ್ಲು.